ಲ್ಯಾಬಿನ ಮೂಲೆಯ ಪೊರಕೆ

ಮೊದಲ ಏಟು ಬಿದ್ದದ್ದು ಬಸ್ಸಿನಲ್ಲಿ, ಕಾಲೇಜು ಇನ್ನೂ ಕಣ್ಣಿಗೆ ಕಾಣುವ ಮೊದಲೇ.

ನಾನು ರಿಚರ್ಡ್ಸ್ ಟೌನ್ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆ ವರ್ಷ ಎರಡು ಸರ್ಕಾರಿ ಪ್ರೌಢಶಾಲೆಗಳ ಜೊತೆ ನಮ್ಮ ಕಾಲೇಜು ಒಂದು ಒಪ್ಪಂದ ಮಾಡಿಕೊಂಡಿತ್ತು. ಹತ್ತನೇ ತರಗತಿಯ ಮಕ್ಕಳು ಶನಿವಾರಗಳಂದು ನಮ್ಮ ಲ್ಯಾಬಿಗೆ ಬಂದು ತಮ್ಮ ಕೈಯಾರೆ ಪ್ರಯೋಗ ಮಾಡಬೇಕು, ನಮ್ಮ ಡಿಗ್ರಿ ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ವರ್ಷದ ಕೊನೆಯಲ್ಲಿ ನಾವೇ ನಡೆಸುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಗೆದ್ದವರಿಗೆ ನಮ್ಮ ಪಿಯು ವಿಭಾಗದಲ್ಲಿ ಶುಲ್ಕವಿಲ್ಲದೆ ವಿಜ್ಞಾನದ ಸೀಟು. ಲ್ಯಾಬನ್ನೇ ಕಾಣದ ಮಕ್ಕಳು ವಿಜ್ಞಾನಕ್ಕೆ ಸೇರುವ ಧೈರ್ಯ ಮಾಡುವುದಿಲ್ಲ, ಮಾಡಿದವರೂ ಅರ್ಧಕ್ಕೆ ಬಿಡುತ್ತಾರೆ. ಇದನ್ನು ಸಭೆಯಲ್ಲಿ ಗಂಟಲು ಹರಿಯುವಂತೆ ಹೇಳಿದವಳು ನಾನೇ ಆದ್ದರಿಂದ ಹೊಣೆಯೂ ನನ್ನ ತಲೆಗೇ ಬಂತು.

ಬಸ್ಸು ಕೆ.ಆರ್. ಪುರಂ ಆಚೆಯಿಂದ ಹೊರಡುತ್ತಿತ್ತು, ಮಕ್ಕಳನ್ನು ಕರೆತರಲು ನಾನೂ ಅದರಲ್ಲೇ ಇದ್ದೆ. ಅಲ್ಲಿಯ ಶಾಲೆಯ ಮಕ್ಕಳು ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು. ಹಳೇ ಮದ್ರಾಸ್ ರಸ್ತೆಯಲ್ಲಿ ಬಂದು ಮರ್ಫಿ ಟೌನಿನ ಹತ್ತಿರ ಇನ್ನೊಂದು ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳಬೇಕು. ಅಷ್ಟರಲ್ಲಿ ಕಿಟಕಿ ಪಕ್ಕದ ಸೀಟುಗಳೆಲ್ಲ ತುಂಬಿದ್ದವು. ಮರ್ಫಿ ಟೌನಿನ ಹುಡುಗನೊಬ್ಬ, ಆ ಗುಂಪಿನ ಮುಂದಾಳು, ಸುಮ್ಮನೆ ನಿಲ್ಲಬಾರದೆ?

"ಯಾಕ್ರೀ, ಹ್ಯಾಂಗ್ರೀ, ಸರೀರೀ" ಎಂದು ಅವರ ಮಾತನ್ನು ಅಣಕಿಸಿದ. "ನಮ್ ಏರಿಯಾಗೆ ಬಂದು ನಮ್ಗೇ ಸೀಟಿಲ್ವಾ ಮಗಾ?"

ಕೆ.ಆರ್. ಪುರಂ ಹುಡುಗನೊಬ್ಬ ಎದ್ದು ಅವನ ಎದೆಗೆ ಕೈ ಹಾಕಿ ತಳ್ಳಿದ. ಮುಂದಾಳು ತಳ್ಳಿದವನ ಮೂಗಿಗೆ ಗುದ್ದಿದ. ಡ್ರೈವರ್ ಬ್ರೇಕು ಒತ್ತುವಷ್ಟರಲ್ಲಿ ಇಡೀ ಬಸ್ಸೇ ಒಬ್ಬರ ಮೈಮೇಲೊಬ್ಬರು ಬಿದ್ದಿತ್ತು. ಬ್ಯಾಗುಗಳು ಬೀಸಿದವು, ಅಂಗಿಗಳು ಹರಿದವು. ನಾನು ನಡುವೆ ನುಗ್ಗಿದಾಗ ಯಾರದೋ ಮೊಣಕೈ ನನ್ನ ದವಡೆಗೆ ಬಡಿಯಿತು. ಆಗಲೇ ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು. ಕೆ.ಆರ್. ಪುರಂ ಶಾಲೆಯವಳು, ಕಡ್ಡಿಯಂಥ ಮೈ, ಎರಡು ಜಡೆ. ಸೀಟಿನ ಮೇಲೆ ನಿಂತು, ತನ್ನ ಜಾಮಿಟ್ರಿ ಬಾಕ್ಸಿನ ಮೂಲೆಯಿಂದ ಆ ಮುಂದಾಳಿನ ಹುಬ್ಬಿಗೆ ಒಂದೇ ಒಂದು ಹೊಡೆತ ಕೊಟ್ಟಳು. ರಕ್ತ ಕಣ್ಣಿಗಿಳಿದು ಅವನು ಕೂತುಬಿಟ್ಟ. ಅವಳೂ ಬಾಕ್ಸನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಕಿಟಕಿಯ ಕಡೆ ತಿರುಗಿ ಕೂತಳು.

ಹಲಸೂರಿನ ಗಲ್ಲಿಯಲ್ಲಿ ಏಟು ತಿಂದು, ಕೊಟ್ಟು ಬೆಳೆದವಳು ನಾನು. ನನ್ನ ಕೋಪ ಇವತ್ತಿಗೂ ಮೂಗಿನ ತುದಿಯಲ್ಲೇ ಇದೆ. ಆ ಹುಡುಗಿಯನ್ನು ಬೈಯಬೇಕಾಗಿತ್ತು, ಬೈದೆ ಕೂಡ. ಆದರೆ ಒಳಗೊಳಗೇ ಅವಳು ನನಗೆ ಹಿಡಿಸಿಬಿಟ್ಟಳು.

ಹುಬ್ಬಿಗೆ ಹೊಲಿಗೆ ಬಿತ್ತು. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ ಮೊದಲ ದಿನವೇ ಬಾಗಿಲು ಮುಚ್ಚುತ್ತದೆ ಎಂದು ನಾನು ಹೆದರಿದ್ದೆ. ಕೆ.ಆರ್. ಪುರಂ ಶಾಲೆಯ ಮುಖ್ಯೋಪಾಧ್ಯಾಯರು ಮಕ್ಕಳ ಜೊತೆ ತಾವೇ ಬಂದಿದ್ದರು. ಸಂಭಾವಿತ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಅವರೇ ದಾರಿ ತೋರಿಸಿದರು.

"ಮೇಡಂ, ಹೊಡೆದಾಡ್ದೋರೆಲ್ಲ ಇವತ್ತು ಲ್ಯಾಬ್ ಗುಡಿಸ್ಲಿ. ನಮ್ ಸ್ಕೂಲಲ್ಲಿ ಮಕ್ಳು ಸರದಿ ಪ್ರಕಾರ ಗುಡಿಸ್ತಾರೆ, ನಾನೂ ಗುಡಿಸ್ತೀನಿ. ಅದ್ರಲ್ಲೇನೂ ಅವಮಾನ ಇಲ್ಲ. ನೀವಿಷ್ಟೆಲ್ಲ ಮಾಡ್ತಿದೀರ, ಅಷ್ಟೂ ಮಾಡ್ಬೇಡ್ವಾ?"

ಸರ್ಕಾರಿ ಶಾಲೆಗಳಲ್ಲಿ ಇದು ನಡೆದು ಬಂದ ಪದ್ಧತಿ. ಗುಡಿಸಲು ಬೇರೆ ಜನ ಅಲ್ಲಿರುವುದಿಲ್ಲ. ನಮ್ಮ ಕಾಲೇಜಿನಲ್ಲಿ ಗುಡಿಸಲು ಗುತ್ತಿಗೆಯ ಹೌಸ್‌ಕೀಪಿಂಗಿನವರಿದ್ದಾರೆ, ಗಾಜಿನ ಸಾಮಾನು ನೋಡಿಕೊಳ್ಳಲು ಶಿವಾಜಿನಗರದ ಅಟೆಂಡರ್ ಇದ್ದಾರೆ. ನಮ್ಮ ವಿದ್ಯಾರ್ಥಿಗಳು ಪೊರಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಆಗ ಯಾರಿಗೂ ಬರಲಿಲ್ಲ. ಶಿಕ್ಷೆ ಅಗ್ಗವಾಗಿತ್ತು, ನಾನು ಒಪ್ಪಿಕೊಂಡೆ.

ಮುಂದಿನ ಶನಿವಾರಗಳಲ್ಲಿ ಕೆಲಸ ಹಿಡಿತಕ್ಕೆ ಬಂತು. ಮೊದಲು ಬ್ಯುರೆಟ್ಟನ್ನು, ಎಂದರೆ ಕೆಳಗೆ ತಿರುಪಿರುವ ಅಳತೆಯ ಗಾಜಿನ ಕೊಳವೆಯನ್ನು, ಅದರಲ್ಲಿ ತುಂಬಬೇಕಾದ ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣದಿಂದಲೇ ತೊಳೆಯಬೇಕು, ನೀರಿನಿಂದ ತೊಳೆದು ಬಿಟ್ಟರೆ ಲೆಕ್ಕ ಕೆಡುತ್ತದೆ. ತುಂಬಿದ ಮೇಲೆ ಆಲಿಕೆ ತೆಗೆಯಬೇಕು, ತುದಿಯಲ್ಲಿ ಗಾಳಿಗುಳ್ಳೆ ಇರಬಾರದು, ದ್ರವದ ಮಟ್ಟಕ್ಕೆ ಕಣ್ಣು ಸಮ ಮಾಡಿ ಓದಬೇಕು. ಕೆಳಗೆ ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಬಣ್ಣ ತೋರಿಸಲು ಎರಡು ತೊಟ್ಟು ಫಿನಾಫ್ತಲೀನ್. ಎಡಗೈ ತಿರುಪಿನ ಮೇಲೆ, ಬಲಗೈ ಫ್ಲಾಸ್ಕನ್ನು ಸುತ್ತಿಸುತ್ತಲೇ ಇರಬೇಕು. ಒಂದು ತೊಟ್ಟು ಬಿದ್ದು, ತೆಳು ಗುಲಾಬಿ ಬಣ್ಣ ಬಂದು ಹೋಗದೆ ನಿಂತರೆ ಅಲ್ಲಿಗೆ ಮುಗಿಯಿತು. ಒಂದು ತೊಟ್ಟು ಹೆಚ್ಚಾದರೆ ಕಡು ಗುಲಾಬಿಯಾಗುತ್ತದೆ, ಮತ್ತೆ ಮೊದಲಿನಿಂದ.

ಜಾಮಿಟ್ರಿ ಬಾಕ್ಸಿನ ಹುಡುಗಿಗೆ ಈ ಕೊನೆಯ ತೊಟ್ಟು ಬಗ್ಗುತ್ತಲೇ ಇರಲಿಲ್ಲ. ಕಡು ಗುಲಾಬಿಯಾದಾಗಲೆಲ್ಲ ಹಲ್ಲು ಕಚ್ಚಿ ಮೇಜಿಗೆ ಗುದ್ದುತ್ತಿದ್ದಳು. ಒಮ್ಮೆ ಫ್ಲಾಸ್ಕನ್ನೇ ಸಿಂಕಿಗೆ ಬಡಿದು ಒಡೆದಳು. ನಾನು ಅವಳ ಕೈ ಹಿಡಿದು, "ತಿರುಪಿನ ಜೊತೆ ಜಗಳಾಡ್ಬೇಡ ಕಣೇ, ಮೆಲ್ಲಗೆ ಕೇಳ್ಕೋ" ಎಂದೆ. ಕೆಲವು ವಾರಗಳಲ್ಲಿ ಅವಳ ತೊಟ್ಟು ನನ್ನದಕ್ಕಿಂತ ಚೊಕ್ಕವಾಗಿ ಬೀಳತೊಡಗಿತು. ಇವಳಿಗೆ ಸೀಟು ಸಿಗದಿದ್ದರೆ ಬೇರೆ ಯಾರಿಗೂ ಸಿಗಬಾರದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಪೊರಕೆ ಮಾತ್ರ ಲ್ಯಾಬಿನ ಮೂಲೆಯಲ್ಲಿ ಉಳಿದೇಬಿಟ್ಟಿತು. ಶಿಕ್ಷೆಯಾಗಿ ಶುರುವಾದದ್ದು ರೂಢಿಯಾಯಿತು. ಪ್ರಯೋಗ ಮುಗಿದೊಡನೆ ಶಾಲೆಯ ಮಕ್ಕಳು ತಾವೇ ಹೋಗಿ ಅದನ್ನು ತೆಗೆದುಕೊಳ್ಳುತ್ತಿದ್ದರು, ನಮ್ಮ ಡಿಗ್ರಿ ಹುಡುಗರು ಕಾಲೆತ್ತಿ ಸ್ಟೂಲಿನ ಮೇಲಿಟ್ಟು ಮೊಬೈಲ್ ನೋಡುತ್ತಿದ್ದರು. ನೋಡಲು ಬಂದ ಅತಿಥಿಗಳು ಮಕ್ಕಳ ಶಿಸ್ತನ್ನು ಹೊಗಳಿ ಹೋದರು. ಹೊಗಳಿಕೆ ಕೇಳಿ ನಾನೂ ಉಬ್ಬಿದೆ.

ಒಂದು ಶನಿವಾರ ನಮ್ಮ ಕಟ್ಟಡ ಗುಡಿಸುವ ಹೆಂಗಸು ರಜೆ ಹಾಕಿದ್ದಳು. ಅವಳ ಬದಲು ಆಫೀಸಿನ ಕಟ್ಟಡದಲ್ಲಿ ಕೆಲಸ ಮಾಡುವ ಒಬ್ಬಾಕೆಯನ್ನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಕಳಿಸಿದ. ನೀಲಿ ಕೋಟು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲ ಒರೆಸುವ ಉದ್ದ ಕೋಲು. ಆಕೆ ಲ್ಯಾಬಿನ ಬಾಗಿಲಲ್ಲಿ ನಿಂತಾಗ ಆ ಹುಡುಗಿ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ನಮ್ಮ ಡಿಗ್ರಿ ಹುಡುಗನೊಬ್ಬನ ಶೂಗಳ ಪಕ್ಕದಿಂದ ಕಸ ಎಳೆಯುತ್ತಿದ್ದಳು.

ಬಕೆಟ್ಟು ಕೆಳಗೆ ಬಿದ್ದ ಸದ್ದು ಕೇಳಿತು. ನಾನು ತಿರುಗುವಷ್ಟರಲ್ಲಿ ಆಕೆ ಹುಡುಗಿಯ ಜಡೆ ಹಿಡಿದು ಮೇಜಿನ ಕೆಳಗಿಂದ ಹೊರಗೆಳೆದಿದ್ದಳು. ಹುಡುಗಿಯ ಹಣೆ ಮೇಜಿನ ಅಂಚಿಗೆ ಬಡಿಯಿತು. ಕೋಲು ಬೆನ್ನಿಗೆ ಬಿತ್ತು, ತೋಳಿಗೆ ಬಿತ್ತು, ಮತ್ತೆ ಬೆನ್ನಿಗೆ. ಬಸ್ಸಿನಲ್ಲಿ ಹುಬ್ಬು ಒಡೆದ ಹುಡುಗಿ ಒಂದು ಕೈಯನ್ನೂ ಎತ್ತಲಿಲ್ಲ. ತಲೆ ತಗ್ಗಿಸಿ ಏಟು ತಿನ್ನುತ್ತಲೇ ಇದ್ದಳು.

"ನಾ ಕಸಬರಗಿ ಹಿಡದಿದ್ದು ಯಾರ ಸಲುವಾಗಿ? ಹೇಳ! ಯಾರ ಸಲುವಾಗಿ ಹಿಡದೀನಿ?" ಒಂದೊಂದು ಮಾತಿಗೆ ಒಂದೊಂದು ಏಟು. "ಕಾಲೇಜಿಗಿ ಕಲೀಲಾಕ ಹೊಂಟೀನಿ ಅಂತ ಹೇಳಿ ಇಲ್ಲಿ ಬಂದು ಇವರ ಕಸಾ ಬಳೀತಿ?"

ನಾನು ಅಡ್ಡ ಹೋದೆ. ಒಂದು ಏಟು ನನ್ನ ಮಣಿಕಟ್ಟಿಗೆ ಬಿದ್ದು, ಕೈ ಜೋಮು ಹಿಡಿಯಿತು. "ಯಾರಮ್ಮಾ ನೀವು? ಬಿಡಿ ಮಗೂನ!" ಎಂದು ಕಿರುಚಿದೆ.

"ನಂದೇ ಕೂಸು ಇದು!" ಎಂದಳು ಆಕೆ.

ಅವಳ ತಾಯಿ ನಮ್ಮದೇ ಕಾಲೇಜಿನ ನೆಲ ಒರೆಸುತ್ತಿದ್ದಾಳೆಂದು ನಮಗಾರಿಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಎದುರಾದರೂ ಗುರುತು ತೋರಿಸಬೇಡ ಎಂದು ತಾಯಿಯೇ ಮಗಳಿಗೆ ಹೇಳಿದ್ದಳಂತೆ. ಮುಖ್ಯೋಪಾಧ್ಯಾಯರು ಮೂಲೆಯಲ್ಲಿ ನಿಂತು ಬೆವರುತ್ತಿದ್ದರು.

ಗಲಾಟೆ ಕೇಳಿ ಸೂಪರ್‌ವೈಸರ್ ಓಡಿಬಂದ. "ಏಯ್, ಕೆಲ್ಸಕ್ಕೆ ಬಂದ್ಯಾ, ರೌಡಿಸಂ ಮಾಡಕ್ಕೆ ಬಂದ್ಯಾ?" ಎನ್ನುತ್ತಾ ಆಕೆಯ ಕುತ್ತಿಗೆಗೆ ಹಿಂದಿನಿಂದ ಕೈ ಹಾಕಿದ. ಕಾರಿಡಾರಿನುದ್ದಕ್ಕೂ ದರದರ ಎಳೆದೊಯ್ದು, ಮೆಟ್ಟಿಲ ತಲೆಯಲ್ಲಿ ನಿಲ್ಲಿಸಿ ಒಂದು ನೂಕು ನೂಕಿದ. ಆಕೆ ಉರುಳಿದಳು. ತಿರುವಿನ ಗೋಡೆಗೆ ಭುಜ ಬಡಿದು ನಿಂತಳು. ನಾನು ಬಾಗಿಲಲ್ಲಿದ್ದೆ, ನನ್ನ ಕಣ್ಣಾರೆ ನೋಡಿದೆ.

ನನ್ನ ಪಕ್ಕದಿಂದ ಏನೋ ನುಗ್ಗಿಹೋಯಿತು. ಅಟೆಂಡರ್ ಬ್ಯುರೆಟ್ ಸ್ಟ್ಯಾಂಡುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದ ಕಬ್ಬಿಣದ ಸರಳುಗಳಲ್ಲಿ ಒಂದು ಹುಡುಗಿಯ ಕೈಯಲ್ಲಿತ್ತು. ಮೊದಲ ಏಟು ಅವನ ಭುಜಕ್ಕೆ. ಅವನು ತಿರುಗಿದಾಗ ಎರಡನೆಯದು ಕಿವಿಯ ಮೇಲೆ. ಅವನು ಗೋಡೆಗೊರಗಿ ಜಾರಿದ, ಅಂಗಿಯೆಲ್ಲ ಕೆಂಪಾಯಿತು. ಮೂರನೆಯದಕ್ಕೆ ಅವಳು ಕೈಯೆತ್ತಿದಾಗ ನಾನು ಹಿಂದಿನಿಂದ ಅಪ್ಪಿ ಹಿಡಿದೆ. ನನ್ನ ಕೈಯನ್ನು ಕಚ್ಚಿದಳು. ನಾನು ಬಿಡಲಿಲ್ಲ. ಮೂರನೆಯ ಏಟು ಬಿದ್ದಿದ್ದರೆ ಅವನು ಬದುಕುತ್ತಿರಲಿಲ್ಲ, ಅವಳೂ ಬದುಕಿದಂತಾಗುತ್ತಿರಲಿಲ್ಲ.

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ನಾವು ನಾಲ್ವರು ಕೂತೆವು. ಸೂಪರ್‌ವೈಸರಿನ ತಲೆಗೆ ಬ್ಯಾಂಡೇಜು, ನನ್ನ ಕೈಗೂ ಬ್ಯಾಂಡೇಜು. ಮುಖ್ಯೋಪಾಧ್ಯಾಯರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಪ್ರಿನ್ಸಿಪಾಲರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ. "ಪೊಲೀಸ್ ಕಂಪ್ಲೇಂಟ್ ಬೇಡ. ಆಯಮ್ಮ ಕೆಲ್ಸ ಬಿಡ್ಲಿ, ಹುಡುಗಿ ಹೆಸರು ತೆಗ್ದುಬಿಡೋಣ. ಪ್ರೋಗ್ರಾಂ ನಡೀತಾ ಇರ್ಲಿ. ಎಲ್ರಿಗೂ ಒಳ್ಳೇದು" ಎಂದರು.

ಮುಖ್ಯೋಪಾಧ್ಯಾಯರು ನನ್ನ ಮುಖ ನೋಡದೆ ಹೇಳಿದರು: "ಒಬ್ಬಳಿಗೋಸ್ಕರ ಉಳಿದೋರ ದಾರಿ ಮುಚ್ಬಾರ್ದು ಮೇಡಂ. ಅವ್ರಿಗೂ ಸೀಟು ಬೇಕಲ್ಲ."

ಈ ಮಾತು ನನ್ನನ್ನು ಕಟ್ಟಿಹಾಕಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹಟ ಹಿಡಿದರೆ ಬಸ್ಸೇ ನಿಲ್ಲಬಹುದು, ಅಷ್ಟೂ ಮಕ್ಕಳು ಮತ್ತೆ ಪಾಠಪುಸ್ತಕದ ಚಿತ್ರದ ಬ್ಯುರೆಟ್ಟಿಗೇ ಮರಳಬಹುದು. ಆದರೆ ಅವಳನ್ನು ಕರೆತಂದು, ಕೈಗೆ ಪೊರಕೆ ಕೊಟ್ಟು, ಈಗ ಹೊರದಬ್ಬಿದರೆ ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತಲ್ಲದೆ ಇನ್ನೇನು? ಕೆ.ಆರ್. ಪುರಂನಿಂದ ಬರುವ ಪ್ರತಿ ಮಗುವಿಗೂ ಅದು ಅರ್ಥವಾಗುತ್ತದೆ. ಆಮೇಲೆ ಬಸ್ಸು ಬಂದರೇನು, ಬಿಟ್ಟರೇನು?

ಸೂಪರ್‌ವೈಸರ್ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಯೋಚಿಸುತ್ತಿದ್ದೆನೋ ಏನೋ. "ಈ ಲೇಬರ್ ಜನಾನ ಒಳಗ್ ಬಿಟ್ರೆ ಹಿಂಗೇ ಸಾರ್" ಎಂದುಬಿಟ್ಟ.

"ನೀವು ಆಕೆ ಕುತ್ತಿಗೆ ಹಿಡ್ದು ಮೆಟ್ಟಿಲಿಂದ ತಳ್ಳಿದ್ದನ್ನ ನಾನು ನೋಡಿದೀನಿ" ಎಂದೆ. "ಹುಡುಗಿ ಹೆಸರು ಹೋದ್ರೆ ನಾನೇ ಆಕೇನ ಕರ್ಕೊಂಡು ಸ್ಟೇಷನ್ನಿಗೆ ಹೋಗ್ತೀನಿ. ಸಾಕ್ಷಿ ನಾನೇ. ಹೆಣ್ಣುಮಗಳ ಮೈಮೇಲೆ ಕೈ ಹಾಕಿದ್ದಕ್ಕೆ ಏನಾಗುತ್ತೆ ಅಂತ ನಿಮ್ಮ ಏಜೆನ್ಸಿಯವ್ರನ್ನ ಕೇಳಿ ನೋಡಿ. ಸಾರ್, ಆ ದಿನದಿಂದ ಈ ಪ್ರೋಗ್ರಾಂಗೆ ನನ್ನ ಹೆಸರೂ ಇರಲ್ಲ. ಬೇರೆ ಯಾರಾದ್ರೂ ಶನಿವಾರ ಬರ್ತಾರಾ ನೋಡಿ."

ಶನಿವಾರ ಬರಲು ಬೇರೆ ಯಾರೂ ಇಲ್ಲವೆಂದು ಪ್ರಿನ್ಸಿಪಾಲರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ, ಹುಡುಗಿ ಪರೀಕ್ಷೆಗೆ ಕೂರಬಹುದು, ಇನ್ನೊಮ್ಮೆ ಕೈ ಎತ್ತಿದರೆ ಅವತ್ತೇ ಕೊನೆ ಎಂದರು. ತಾಯಿಯ ಕೆಲಸವನ್ನು ಉಳಿಸಲು ನನ್ನಿಂದ ಆಗಲಿಲ್ಲ. ಅದು ಏಜೆನ್ಸಿಗೆ ಬಿಟ್ಟದ್ದು ಎಂದು ಎಲ್ಲರೂ ಕೈ ತೊಳೆದುಕೊಂಡರು, ಆ ವಾರವೇ ಆಕೆಯನ್ನು ತೆಗೆದರು. ನಾನು ಗೆದ್ದು ಬಂದೆನೆಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಅಷ್ಟು ಮಾಡಿದರೂ ಹುಡುಗಿ ಮುಂದಿನ ಶನಿವಾರ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಕೆ.ಆರ್. ಪುರಂ ತೂಗುಸೇತುವೆ ದಾಟಿ, ಅವರ ಮನೆ ಹುಡುಕಿಕೊಂಡು ಹೋದೆ. ಸಾಲಾಗಿ ಒಂದೊಂದೇ ಕೋಣೆಯ ಬಾಡಿಗೆ ಮನೆಗಳು. ಯಾವ ಮನೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಒಳಗಿನಿಂದ ಏಟಿನ ಸದ್ದು ಕೇಳುತ್ತಿತ್ತು. ಭುಜಕ್ಕೆ ಪೆಟ್ಟಾಗಿದ್ದ ತಾಯಿಯ ಒಂದು ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಇನ್ನೊಂದರಲ್ಲಿದ್ದ ಸೌಟಿನಿಂದ ಮಗಳ ಕಾಲಿಗೆ ಬಾರಿಸುತ್ತಿದ್ದಳು.

"ಹೋಗ್ತಿಯೋ ಇಲ್ಲೋ? ಹೋಗ್ತಿಯೋ ಇಲ್ಲೋ?"

"ಹೋಗಂಗಿಲ್ಲ! ನಿನ್ನ ದಬ್ಬಿದ ಜಾಗಾಕ್ಕ ನಾ ಹೋಗಂಗಿಲ್ಲ, ಕೊಲ್ಲು ಬೇಕಾದ್ರ!"

ನಾನು ಸೌಟು ಕಿತ್ತುಕೊಂಡೆ. ಮೂವರೂ ಏದುಸಿರು ಬಿಡುತ್ತಾ ನೆಲದ ಮೇಲೆ ಕೂತೆವು. ತಾಯಿ ನನ್ನ ಬ್ಯಾಂಡೇಜು ನೋಡಿ, "ಇಕಿ ಕಡದಾಳೇನ್ರಿ?" ಎಂದು ಕೇಳಿ ಇನ್ನೊಂದು ಏಟಿಗೆ ಕೈ ಎತ್ತಿದಳು. ಅದನ್ನೂ ತಡೆದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ, ಕೆಲಸ ಉಳಿಸಲಾಗದ್ದನ್ನೂ ಹೇಳಿದೆ. ಆಕೆ ತಲೆಯಾಡಿಸಿದಳು. "ಕೆಲಸ ಎಲ್ಯಾರ ಸಿಗ್ತದ ಬಿಡ್ರಿ. ಕಸಕ್ಕ ಈ ಊರಾಗ ಏನು ಬರಾ ಇಲ್ಲ."

ಹುಡುಗಿ ಏಟು ಬಿದ್ದ ಕಾಲು ಉಜ್ಜಿಕೊಳ್ಳುತ್ತಾ ಕೇಳಿದಳು. "ಮತ್ತ ಕಸಬರಗಿ?"

"ನೀನು ಅದನ್ನ ಮುಟ್ಟಿ ನೋಡು. ನಿಮ್ಮವ್ವ ಅಲ್ಲ, ನಾನೇ ಕೈ ಮುರೀತೀನಿ" ಎಂದೆ. ಅವಳು ನಕ್ಕಳು. ಅವಳು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮುಂದಿನ ಶನಿವಾರ ಹೊಸ ನಿಯಮ ಹೇಳಿದೆ. ತಾವು ಬಳಸಿದ ಬ್ಯುರೆಟ್ಟು, ಫ್ಲಾಸ್ಕು ತಾವೇ ತೊಳೆಯಬೇಕು, ಅದು ಪ್ರಯೋಗದ ಭಾಗ. ನೆಲಕ್ಕೆ ಶಾಲೆಯ ಮಕ್ಕಳು ಯಾರೂ ಪೊರಕೆ ಹಾಕಕೂಡದು. ನಮ್ಮ ಡಿಗ್ರಿಯವರು ಮತ್ತು ನಾನು ಸೇರಿ ಗುಡಿಸುತ್ತೇವೆ ಎಂದೆ. ಸ್ಟೂಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದ ಹುಡುಗ ಎದ್ದು ನಿಂತ.

"ಮ್ಯಾಮ್, ನಾವು ಟೀಚ್ ಮಾಡಕ್ಕೆ ಬಂದಿರೋದು, ಕ್ಲೀನ್ ಮಾಡಕ್ಕಲ್ಲ."

ಪೊರಕೆಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ನೆಲಕ್ಕೆ ಬಿಸಾಡಿ ಬಾಗಿಲ ಕಡೆ ನಡೆದ. ನಾನು ಬೋರ್ಡಿನ ಮರದ ಡಸ್ಟರ್ ಎಸೆದೆ. ಅದು ಅವನಿಗೆ ತಾಗದೆ ಬಾಗಿಲಿಗೆ ಬಡಿದು ಎರಡು ಹೋಳಾಯಿತು. ಅವನ ಹಿಂದೆ ಡಿಗ್ರಿಯವರಲ್ಲಿ ಅರ್ಧದಷ್ಟು ಜನ ಎದ್ದು ಹೋದರು. ನಾನೇ ಸೆರಗು ಸಿಕ್ಕಿಸಿ ಗುಡಿಸತೊಡಗಿದೆ.

"ಅರೆ ಮೇಡಂ, ಛೋಡೋ, ನಾನ್ ಮಾಡ್ತೀನಿ" ಎಂದು ಅಟೆಂಡರ್ ಓಡಿಬಂದರು. ಬೇಡವೆಂದೆ. ಹುಬ್ಬಿನ ಮೇಲೆ ಹೊಲಿಗೆಯ ಗುರುತಿದ್ದ ಮರ್ಫಿ ಟೌನಿನ ಮುಂದಾಳು ಮೇಜಿನ ಮೇಲೆ ಕೂತು, "ಮಿಸ್, ಆ ಮೂಲೇಲಿ ಇನ್ನಾ ಇದೆ" ಎಂದ. ಇಡೀ ಲ್ಯಾಬು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

ಪರೀಕ್ಷೆಯ ದಿನ ಬಸ್ಸಿನಿಂದ ಮಕ್ಕಳು ಇಳಿಯುವಾಗ ಸೂಪರ್‌ವೈಸರ್ ಗೇಟಿನಲ್ಲೇ ನಿಂತಿದ್ದ. ಹುಡುಗಿ ಮುಂದೆ ಬಂದಾಗ ಅಡ್ಡ ನಿಂತು, ಎಲ್ಲರಿಗೂ ಕೇಳುವಂತೆ ಅವಳ ತಾಯಿಯ ಬಗ್ಗೆ ಬರೆಯಬಾರದ ಮಾತೊಂದನ್ನು ಆಡಿದ. ಅವಳ ಮುಷ್ಟಿ ಬಿಗಿಯಾಯಿತು. ಕೈ ಎತ್ತಿದರೆ ಸೀಟು ಹೋಯಿತೆಂದು ಅವಳಿಗೆ ಗೊತ್ತು, ಅವನಿಗೂ ಗೊತ್ತು. ನಾನು ಬಸ್ಸಿನ ಮೆಟ್ಟಿಲ ಮೇಲಿದ್ದೆ, ನಡುವೆ ಮಕ್ಕಳ ಗುಂಪು. ಅಷ್ಟರಲ್ಲಿ ಮರ್ಫಿ ಟೌನಿನ ಮುಂದಾಳು ತನ್ನ ಹುಡುಗರ ಜೊತೆ ಇಬ್ಬರ ನಡುವೆ ತೂರಿದ. ಸೂಪರ್‌ವೈಸರ್ ಅವನ ಎದೆಗೆ ಕೈ ಹಾಕಿದ. ಹುಡುಗ ತನ್ನ ಹುಬ್ಬು ತೋರಿಸಿದ.

"ಅವಳಿಗೆ ಹೊಡೆಯೋ ಬಾಕಿ ನಮ್ದು ಗುರೂ. ಮಧ್ಯೆ ನೀವ್ಯಾಕ್ ಬರ್ತೀರಾ?"

ಮಕ್ಕಳು ಸೂಪರ್‌ವೈಸರನ್ನು ಪಕ್ಕಕ್ಕೆ ಒತ್ತಿಕೊಂಡೇ ಒಳಗೆ ನಡೆದರು. ಹುಡುಗಿಯ ಕೆಳತುಟಿಯಲ್ಲಿ ಹಲ್ಲಿನ ಗುರುತಿತ್ತು, ಸ್ವಲ್ಪ ರಕ್ತವೂ ಇತ್ತು. ಮೊದಲ ಬಾರಿ ತಿರುಪು ಹೆಚ್ಚು ತಿರುಗಿ ಫ್ಲಾಸ್ಕು ಕಡು ಗುಲಾಬಿಯಾಯಿತು. ಅವಳು ಮೇಜಿಗೆ ಗುದ್ದಲಿಲ್ಲ. ಫ್ಲಾಸ್ಕ್ ತೊಳೆದಳು, ಮತ್ತೆ ಆಮ್ಲ ಅಳೆದಳು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ತೆಳು ಗುಲಾಬಿ ನಿಂತಿತು. ಮುಂದಿನ ಸಲವೂ ಬ್ಯುರೆಟ್ಟಿನಲ್ಲಿ ಅದೇ ಅಳತೆ, ಅದರ ಮುಂದಿನ ಸಲವೂ ಅದೇ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು.

ಅವಳಿಗೆ ಸೀಟು ಸಿಕ್ಕಿತು. ದಾಖಲಾತಿಯ ದಿನ ತಾಯಿಯೂ ಬಂದಿದ್ದಳು. ನೀಲಿ ಕೋಟಿಲ್ಲ, ಇಳಕಲ್ ಸೀರೆ, ಕೈತುಂಬ ಹಸಿರು ಗಾಜಿನ ಬಳೆ. ಇಂದಿರಾನಗರದ ಒಂದು ಆಫೀಸಿನಲ್ಲಿ ಮತ್ತೆ ಅದೇ ಕೆಲಸ ಸಿಕ್ಕಿದೆಯೆಂದು ಹೇಳಿದಳು. ಲ್ಯಾಬನ್ನು ಒಮ್ಮೆ ನೋಡಬೇಕು ಎಂದಳು. ಮೂವರೂ ಹೋದೆವು. ಗೋಡೆಗೆ ಭುಜ ಬಡಿದಿದ್ದ ಮೆಟ್ಟಿಲ ತಿರುವಿನಲ್ಲಿ ಆಕೆ ನಿಲ್ಲಲಿಲ್ಲ, ಮಗಳು ಒಂದು ಗಳಿಗೆ ನಿಂತಳು.

ರಜೆಯ ಕಾಲ, ಲ್ಯಾಬು ಬಹಳ ದಿನ ಮುಚ್ಚಿತ್ತು. ತಾಯಿ ಮಗಳ ಮೇಜಿನ ಮೇಲೆ ಬೆರಳೆಳೆದಳು. "ಧೂಳ ಅದಲ್ಲ" ಎಂದಳು. ಬೇರೆ ಯೋಚನೆಯೇ ಇಲ್ಲದೆ ಆಕೆಯ ಕೈ ಸೆರಗಿನ ಚುಂಗು ಹಿಡಿದು ಮೇಜಿನ ಮೇಲೆ ಬಂತು.

ಮಗಳು ಆ ಕೈಯನ್ನು ಹಿಡಿದಳು. ಹಿಡಿದ ರಭಸಕ್ಕೆ ಬಳೆಗಳು ಚಟಚಟನೆ ಒಡೆದವು, ತಾಯಿಯ ಮಣಿಕಟ್ಟಿನಲ್ಲಿ ರಕ್ತ ಜಿನುಗಿತು.

"ಮುಟ್ಟಬ್ಯಾಡ ಅವ್ವಾ" ಎಂದಳು.

ತಾಯಿ ಕೈ ಬಿಡಿಸಿಕೊಳ್ಳಲಿಲ್ಲ. ಹಸಿರು ಚೂರುಗಳು ನೆಲದ ಮೇಲೆ ಚೆಲ್ಲಿದ್ದವು, ಮೂವರೂ ಅವನ್ನೇ ನೋಡಿದೆವು. ಮಗಳ ಹಿಡಿತ ಸಡಿಲವಾಗಲಿಲ್ಲ, ಆದ್ದರಿಂದ ತಾಯಿ ಬಗ್ಗುವಂತಿರಲಿಲ್ಲ. ನಾನು ಮಂಡಿಯೂರಿ ಒಂದೊಂದೇ ಚೂರು ಆಯತೊಡಗಿದೆ.

"ಕೈ ಕೊಯ್ದೀತ್ರಿ, ಹುಷಾರು" ಎಂದಳು ತಾಯಿ.